ವಾರಂಟಿ 3 ವರ್ಷ, ಲೀಸ್ 4 ವರ್ಷ: ಕೊನೆಯ ವರ್ಷದ ರಿಪೇರಿ ಯಾರ ಪಾಲಿಗೆ?

ಪ್ರಶ್ನೆ (ಬಳ್ಳಾರಿಯಿಂದ)

ಎಲ್ಲರಿಗೂ ನಮಸ್ಕಾರ. ನಾನು ತೋರಣಗಲ್ಲಿನ ಕಾರ್ಖಾನೆಯೊಂದರ ಉದ್ಯೋಗಿ, ಮನೆ ಬಳ್ಳಾರಿ ನಗರದಲ್ಲಿದೆ. ತಿಂಗಳ ಬಾಡಿಗೆ ಸಂಬಳದಲ್ಲೇ ಕಡಿತವಾಗುವಂತೆ ಕಾರನ್ನು ಲೀಸಿಗೆ ಕೊಡಿಸುವ ಯೋಜನೆಯೊಂದನ್ನು ನಮ್ಮ ಸಂಸ್ಥೆ ಮುಂದಿಟ್ಟಿದೆ. ಲೀಸ್ ಅವಧಿ 48 ತಿಂಗಳು. ನಾನು ಆರಿಸಿರುವ ಕಾರಿಗೆ ತಯಾರಕರ ವಾರಂಟಿ 3 ವರ್ಷ ಅಥವಾ 1 ಲಕ್ಷ ಕಿ.ಮೀ., ಯಾವುದು ಮೊದಲೋ ಅದು. ಹೋಗಿ ಬರುವ ಓಡಾಟವೆಲ್ಲ ಸೇರಿ ವರ್ಷಕ್ಕೆ 20,000 ಕಿ.ಮೀ. ಆಗುವುದರಿಂದ, ಕಿಲೋಮೀಟರ್ ಮಿತಿಗಿಂತ ಮುಂಚೆಯೇ ವರ್ಷದ ಮಿತಿ ಮುಗಿದು, ಕೊನೆಯ 12 ತಿಂಗಳು ವಾರಂಟಿ ಇಲ್ಲದೆಯೇ ಬಾಡಿಗೆ ಕಟ್ಟಬೇಕಾಗುತ್ತದೆ.

ಕಾರು ನನ್ನ ಸ್ವಂತದ್ದಲ್ಲದಿದ್ದರೂ ಆ ಅವಧಿಯಲ್ಲಿ ಎಂಜಿನ್ನೋ ಗೇರ್‌ಬಾಕ್ಸೋ ಕೈಕೊಟ್ಟರೆ ಖರ್ಚು ಯಾರದು? ಕರಾರಿನಲ್ಲಿ 'ನಿರ್ವಹಣೆ ಸೇರಿದೆ' ಎಂದಷ್ಟೇ ಇದೆ. ನಮ್ಮ ರಸ್ತೆಯ ಅದಿರಿನ ಧೂಳು ಎಂಥದ್ದೆಂಬುದು ಈ ಭಾಗದವರಿಗೆ ಗೊತ್ತೇ ಇದೆ. ಅನುಭವವಿದ್ದವರು ದಯವಿಟ್ಟು ತಿಳಿಸಿ. ಸಹಿ ಹಾಕಲು ಇನ್ನು ಹತ್ತು ದಿನವಿದೆ.

ಉತ್ತರ 1 (ಸಿಂಧನೂರಿನಿಂದ)

ಸರ್, 'ನಿರ್ವಹಣೆ' ಎಂಬ ಆ ಒಂದು ಪದವನ್ನು ನಂಬಿ ನಾನು ನಷ್ಟ ಅನುಭವಿಸಿದ್ದೇನೆ, ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ. ನನ್ನದು ಕ್ಲಚ್ ಪೆಡಲ್ ಇಲ್ಲದ, ಗೇರ್ ತಾನಾಗಿ ಬದಲಾಗುವ ಕಾರು. 40ನೇ ತಿಂಗಳಲ್ಲಿ, ರಾಯಚೂರಿನಿಂದ ಹಿಂದಿರುಗುವಾಗ, ಮಾನ್ವಿ ದಾಟಿದ ಮೇಲೆ ಗೇರ್ ಬೀಳುವುದೇ ನಿಂತುಹೋಯಿತು. ಗೇರ್ ಬದಲಿಸುವ ಆಕ್ಚುಯೇಟರ್ ಹೋಗಿದೆ ಎಂದು ವರ್ಕ್‌ಶಾಪಿನವರು ಹೇಳಿ, ₹50,000ದ ಆಸುಪಾಸಿನ ಅಂದಾಜು ಪಟ್ಟಿ ಕೊಟ್ಟರು. ಲೀಸ್ ಕಂಪನಿಗೆ ಕರೆ ಮಾಡಿದರೆ, ನಿರ್ವಹಣೆ ಎಂದರೆ ಕಾಲಕಾಲದ ಸರ್ವೀಸ್, ಆಯಿಲ್ ಮತ್ತು ಫಿಲ್ಟರ್ ಮಾತ್ರ, ಯಾಂತ್ರಿಕ ವೈಫಲ್ಯ ಅದರಲ್ಲಿ ಬರುವುದಿಲ್ಲ ಎಂಬ ಉತ್ತರ ಬಂತು. ಕರಾರಿನ ಅನುಬಂಧವನ್ನು ತೆರೆದು ನೋಡಿದಾಗ ನಿಜವಾಗಿಯೂ ಹಾಗೆಯೇ ಬರೆದಿತ್ತು, ನಾನು ಆ ಪುಟವನ್ನು ಓದಿಯೇ ಇರಲಿಲ್ಲ.

ಅದಕ್ಕಿಂತ ಹೆಚ್ಚು ನೋಯಿಸಿದ್ದು ಇನ್ನೊಂದು ಸಂಗತಿ. ಕಾರು 23 ದಿನ ವರ್ಕ್‌ಶಾಪಿನಲ್ಲಿ ನಿಂತಿದ್ದರೂ ಆ ತಿಂಗಳ ಬಾಡಿಗೆ ಪೂರ್ತಿ ಕಡಿತವಾಯಿತು. ಕಾರು ಓಡಲಿ ಬಿಡಲಿ ಬಾಡಿಗೆ ನಿಲ್ಲುವುದಿಲ್ಲ ಎಂಬ ಷರತ್ತು ಬಹುತೇಕ ಲೀಸ್ ಕರಾರುಗಳಲ್ಲಿ ಇರುತ್ತದೆ. ಆದ್ದರಿಂದ ಬದಲಿ ಕಾರು ಎಷ್ಟು ದಿನಗಳ ನಂತರ ಸಿಗುತ್ತದೆ, ಬಳ್ಳಾರಿಯಲ್ಲೇ ತಂದುಕೊಡುತ್ತಾರೋ ಅಥವಾ ಹುಬ್ಬಳ್ಳಿಗೋ ಬೆಂಗಳೂರಿಗೋ ಹೋಗಿ ತರಬೇಕೋ ಎಂಬುದನ್ನು ಬರವಣಿಗೆಯಲ್ಲೇ ಪಡೆಯಿರಿ.

ಎಕ್ಸ್‌ಟೆಂಡೆಡ್ ವಾರಂಟಿಯನ್ನು ಮೂಲ ವಾರಂಟಿ ಜೀವಂತವಾಗಿರುವಾಗಲೇ ಕೊಳ್ಳಬೇಕು. ಅವಧಿ ಮುಗಿದ ಮೇಲೆ ನಾನು ಕೇಳಿದೆ, ಸಿಗಲಿಲ್ಲ. ನಾಲ್ಕನೇ ವರ್ಷದ ವಾರಂಟಿಯನ್ನು ಮೊದಲ ದಿನವೇ ಸೇರಿಸಿ, ಅದರ ಮೊತ್ತವನ್ನು 48 ಕಂತುಗಳಿಗೆ ಹಂಚುವಂತೆ ಕೇಳಿ. ಬಾಡಿಗೆಯಲ್ಲಿ ಆಗುವ ಏರಿಕೆ ಅಲ್ಪ.

ಉತ್ತರ 2 (ಹೊಸಪೇಟೆಯಿಂದ)

ನಾನು ಅಧಿಕೃತ ವರ್ಕ್‌ಶಾಪಿನಲ್ಲಿ ಕೆಲವು ವರ್ಷ ಸರ್ವೀಸ್ ಅಡ್ವೈಸರ್ ಆಗಿ ಕೆಲಸ ಮಾಡಿದ್ದೇನೆ. ಮೇಲಿನವರ ಮಾತು ಸರಿ, ಆದರೆ ಮೊದಲ 3 ವರ್ಷಗಳೂ ತಾವು ತಿಳಿದಷ್ಟು ಸುರಕ್ಷಿತವಲ್ಲ.

ವಾರಂಟಿ ಇರುವುದು ತಯಾರಿಕೆಯ ಅಥವಾ ಬಿಡಿಭಾಗದ ದೋಷಕ್ಕೆ. ಸವೆಯುವ ವಸ್ತುಗಳಾದ ಬ್ರೇಕ್ ಪ್ಯಾಡ್, ಕ್ಲಚ್ ಪ್ಲೇಟ್, ವೈಪರ್ ಬ್ಲೇಡ್ ಅದರಲ್ಲಿ ಬರುವುದಿಲ್ಲ. ಟೈರಿನ ವಾರಂಟಿಯನ್ನು ಸಾಮಾನ್ಯವಾಗಿ ಟೈರ್ ಕಂಪನಿಯೇ ಕೊಡುತ್ತದೆ. ಇದು ಅನೇಕರಿಗೆ ಗೊತ್ತು. ಗೊತ್ತಿಲ್ಲದಿರುವುದು ಮಾಲೀಕರ ಕೈಪಿಡಿಯಲ್ಲಿರುವ ಇನ್ನೊಂದು ಕೋಷ್ಟಕ. ಮಾಮೂಲಿ ಸರ್ವೀಸ್ ಪಟ್ಟಿಯ ಜೊತೆಗೆ, ಧೂಳಿನ ರಸ್ತೆ, ಕಚ್ಚಾ ರಸ್ತೆ, ವಿಪರೀತ ಬಿಸಿಲಿನಂತಹ 'ಕಠಿಣ ಪರಿಸ್ಥಿತಿ'ಗೆ ಪ್ರತ್ಯೇಕ ಪಟ್ಟಿಯನ್ನು ಹೆಚ್ಚಿನ ತಯಾರಕರು ಕೊಟ್ಟಿರುತ್ತಾರೆ. ಅದರಲ್ಲಿ ಏರ್ ಫಿಲ್ಟರನ್ನೂ ಎಂಜಿನ್ ಆಯಿಲನ್ನೂ ಬೇಗ ಬೇಗ ನೋಡಿ ಬದಲಿಸಬೇಕೆಂದು ಇರುತ್ತದೆ. ಸಂಡೂರು, ತೋರಣಗಲ್ಲು ಕಡೆ ಅದಿರಿನ ಲಾರಿಗಳ ಹಿಂದೆ ದಿನವೂ ಓಡುವ ಕಾರು ಈ ಎರಡನೇ ಪಟ್ಟಿಗೇ ಸೇರುತ್ತದೆ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಮುಚ್ಚಿಹೋದ ಫಿಲ್ಟರಿನಿಂದ ಟರ್ಬೊ ಅಥವಾ ಎಂಜಿನ್ ಕೆಟ್ಟಾಗ, ತಪಾಸಣೆಗೆ ಬಂದವರು ಮೊದಲು ಕೇಳುವುದು ಸರ್ವೀಸ್ ದಾಖಲೆಯನ್ನು. ನಿಗದಿತ ಸರ್ವೀಸ್ ತಪ್ಪಿದ್ದರೆ ಕ್ಲೇಮ್ ತಿರಸ್ಕೃತವಾಗುತ್ತದೆ.

ಇಲ್ಲಿಯೇ ಲೀಸಿನ ತೊಡಕು ಬರುತ್ತದೆ. ಲೀಸ್ ಕಂಪನಿ ತನ್ನ ಖರ್ಚಿನಲ್ಲಿ ಮಾಡಿಸುವುದು ಮಾಮೂಲಿ ಪಟ್ಟಿಯ ಸರ್ವೀಸನ್ನು ಮಾತ್ರ. ನಡುವೆ ಬೇಕಾಗುವ ಫಿಲ್ಟರಿಗೆ ಮಂಜೂರಾತಿ ಕೊಡಲು ಅವರು ಹಿಂದೇಟು ಹಾಕುವುದನ್ನು ನಾನು ಕಂಡಿದ್ದೇನೆ. ಕಾರು ಎಲ್ಲಿ ಓಡುತ್ತದೆ ಎಂಬುದನ್ನು ಕರಾರಿನಲ್ಲೇ ನಮೂದಿಸಿ, ಕಠಿಣ ಪರಿಸ್ಥಿತಿಯ ಪಟ್ಟಿಯಂತೆಯೇ ಸರ್ವೀಸ್ ಆಗಬೇಕೆಂದು ಬರೆಸಿರಿ. ಅವರು ಒಪ್ಪದಿದ್ದರೆ ಫಿಲ್ಟರಿನ ಖರ್ಚನ್ನು ತಾವೇ ಹಾಕಿ, ಅಧಿಕೃತ ವರ್ಕ್‌ಶಾಪಿನಲ್ಲೇ ಬದಲಿಸಿ, ಬಿಲ್ ಇಟ್ಟುಕೊಳ್ಳಿ. ಶಬ್ದವೋ ಜರ್ಕೋ ಕಂಡ ದಿನವೇ ಅದನ್ನು ವರ್ಕ್‌ಶಾಪಿನವರು ದೂರು ಮತ್ತು ಕೆಲಸ ಬರೆದುಕೊಳ್ಳುವ ಜಾಬ್ ಕಾರ್ಡಿನಲ್ಲಿ ಬರೆಸಿ, ಪ್ರತಿ ಪಡೆಯಿರಿ. ಬಾಯಿಮಾತಿನ ದೂರಿಗೆ ಬೆಲೆಯಿಲ್ಲ. ಹೊರಗಿನ ಗ್ಯಾರೇಜಿನಲ್ಲಿ ವೈರ್ ಕತ್ತರಿಸಿ ಲೈಟ್ ಅಥವಾ ಮ್ಯೂಸಿಕ್ ಸಿಸ್ಟಂ ಹಾಕಿಸಬೇಡಿ, ವಿದ್ಯುತ್ ಭಾಗಗಳ ವಾರಂಟಿಗೆ ಅದರಿಂದಲೇ ಕುತ್ತು.

ಮಳೆಗಾಲದಲ್ಲಿ ರೈಲ್ವೆ ಕೆಳಸೇತುವೆಯ ನೀರಿಗೆ ಕಾರು ಇಳಿಸಿ ಎಂಜಿನ್ನಿಗೆ ನೀರು ಹೊಕ್ಕರೆ ಅದು ತಯಾರಿಕೆಯ ದೋಷವೂ ಅಲ್ಲ, ಸಾಮಾನ್ಯ ವಿಮೆಯೂ ಅದನ್ನು ಭರಿಸುವುದಿಲ್ಲ. ಎಂಜಿನ್ ರಕ್ಷಣೆಯ ಹೆಚ್ಚುವರಿ ವಿಮೆ ಬೇಕೇ ಬೇಕು.

ಉತ್ತರ 3 (ಕೊಪ್ಪಳದಿಂದ)

ನಾನು ವಕೀಲೆ. ಮೊದಲು ಆರ್‌ಸಿಯಲ್ಲಿ ಯಾರ ಹೆಸರು ಬರುತ್ತದೆ ಎಂದು ಕೇಳಿ. 1988ರ ಮೋಟಾರು ವಾಹನ ಕಾಯ್ದೆಯ 51ನೇ ಕಲಂ ಪ್ರಕಾರ ಲೀಸಿನ ಕರಾರನ್ನು ಆರ್‌ಸಿಯಲ್ಲಿ ನಮೂದಿಸಲಾಗುತ್ತದೆ. ಅದೇ ಕಾಯ್ದೆಯ 2(30)ನೇ ಕಲಂ, ಲೀಸಿನ ಕರಾರಿನಡಿ ವಾಹನವನ್ನು ಸ್ವಾಧೀನದಲ್ಲಿ ಇಟ್ಟುಕೊಂಡವರನ್ನೇ ಮಾಲೀಕರೆಂದು ಕರೆಯುತ್ತದೆ. 'ಕಾರು ನನ್ನದಲ್ಲ' ಎಂಬ ನೆಮ್ಮದಿ ಅಪಘಾತದ ಸಂದರ್ಭದಲ್ಲಿ ಉಪಯೋಗಕ್ಕೆ ಬಾರದೆ ಹೋಗಬಹುದು.

ವಿಮೆಯಲ್ಲಿ ಸವಕಳಿ ಕಡಿತವಿಲ್ಲದ ಪಾಲಿಸಿಯೇ ಇರಲಿ. ಸಾಮಾನ್ಯ ಪಾಲಿಸಿಯಲ್ಲಿ ರಬ್ಬರ್ ಮತ್ತು ಪ್ಲಾಸ್ಟಿಕ್ ಭಾಗಗಳ ಬೆಲೆಯಲ್ಲಿ 50% ಕಡಿತವಾಗುತ್ತದೆ, ಆ ಅರ್ಧ ತಮ್ಮ ಮೇಲೆಯೇ ಬೀಳುತ್ತದೆ. ಕಾರು ಸಂಪೂರ್ಣ ನಾಶವಾದರೆ ವಿಮೆಯ ಹಣ ಲೀಸ್ ಕಂಪನಿಗೆ ಹೋಗುತ್ತದೆ; ಅದಕ್ಕೂ ಉಳಿದ ಬಾಕಿಗೂ ನಡುವಿನ ಅಂತರವನ್ನು ಯಾರು ತುಂಬಬೇಕೆಂದು ಕರಾರಿನಲ್ಲಿ ನೋಡಿ.

ಲೀಸ್ ಕಂಪನಿಯೊಂದಿಗೆ ಸಹಿ ಹಾಕುವುದು ತಮ್ಮ ಸಂಸ್ಥೆಯಾದರೆ, ತಾವು ದೂರು ಕೊಡಲು ಬರುತ್ತದೆಯೇ ಎಂಬ ಪ್ರಶ್ನೆ ಏಳುತ್ತದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು, ಸೇವೆ ಪಡೆದವರ ಒಪ್ಪಿಗೆಯಿಂದ ಅದರ ಪ್ರಯೋಜನ ಪಡೆಯುವವರನ್ನೂ ಗ್ರಾಹಕರೆಂದೇ ಹೇಳುತ್ತದೆ, ವಾಣಿಜ್ಯ ಉದ್ದೇಶದ ಸೇವೆಯನ್ನು ಮಾತ್ರ ಹೊರಗಿಡುತ್ತದೆ. ಎದುರು ಪಕ್ಷದವರು ಈ ಕೊನೆಯ ಅಂಶವನ್ನೇ ಹಿಡಿಯುತ್ತಾರೆ, ಆದ್ದರಿಂದ ಕಾರು ತಮ್ಮ ಸ್ವಂತ ಬಳಕೆಗೆಂದು ಕರಾರಿನಲ್ಲಿ ಸ್ಪಷ್ಟವಾಗಿರಲಿ. ತಾವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಸಲ್ಲಿಸಬಹುದು, ಬೆಂಗಳೂರಿಗೆ ಅಲೆಯಬೇಕಿಲ್ಲ. ಕಾಲಮಿತಿ 2 ವರ್ಷ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಇಂದು ಅನುಬಂಧವನ್ನು ತರಿಸಿಕೊಂಡು ಓದಿದೆ. 'ಯಾಂತ್ರಿಕ ವೈಫಲ್ಯ' ಹೊರಗಿಟ್ಟ ಪಟ್ಟಿಯಲ್ಲಿಯೇ ಇದೆ. ನಾಲ್ಕನೇ ವರ್ಷದ ವಾರಂಟಿಯನ್ನು ಬಾಡಿಗೆಯಲ್ಲಿ ಸೇರಿಸಲು ಒಪ್ಪಿದ್ದಾರೆ. ಧೂಳಿನ ಸರ್ವೀಸ್ ಪಟ್ಟಿಗೆ ಇನ್ನೂ ಒಪ್ಪಿಲ್ಲ. ಅದನ್ನು ಬರೆದುಕೊಡದಿದ್ದರೆ 36 ತಿಂಗಳ ಲೀಸನ್ನೇ ಕೇಳುವುದಾಗಿ ತಿಳಿಸಿದ್ದೇನೆ. ಬಾಡಿಗೆ ಹೆಚ್ಚಾಗುತ್ತದೆ, ಆದರೂ ವಾರಂಟಿ ಮತ್ತು ಕರಾರು ಒಂದೇ ದಿನ ಮುಗಿಯುತ್ತವೆ.