ಬಳ್ಳಾರಿ ಬಿಸಿಲಲ್ಲಿ ಹಳೇ ಬೆಂಜ್: ಸಾಕಿದವರ ಅನುಭವ

ಗಂಗಾವತಿಯಿಂದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಮ್ಮದು ಗಂಗಾವತಿಯಲ್ಲಿ ಬೀಜ, ಗೊಬ್ಬರದ ಅಂಗಡಿ. ಅಪ್ಪಾಜಿಗೆ ಮೊದಲಿಂದಲೂ ಬೆಂಜ್ ಮೇಲೆ ಆಸೆ. ಈಗ ಹೊಸಪೇಟೆಯಲ್ಲಿ ಒಂದು ಗಾಡಿ ನೋಡಿದ್ದೇವೆ. 2009ರ ಇ-ಕ್ಲಾಸ್, ಇ280 ಸಿಡಿಐ ಡೀಸೆಲ್. 1,32,000 ಕಿ.ಮೀ. ಓಡಿದೆ, ಎರಡನೇ ಮಾಲೀಕರ ಕೈಯಲ್ಲಿದೆ. ನಾಲ್ಕೂಕಾಲು ಲಕ್ಷ ಹೇಳುತ್ತಿದ್ದಾರೆ. ಒಳಗೆ ಕೂತರೆ ಇಳಿಯೋಕೆ ಮನಸ್ಸೇ ಬರಲ್ಲ. ತಿಂಗಳಿಗೆ ಎರಡು ಸಲ ಬೆಂಗಳೂರು, ಉಳಿದಂತೆ ಸಿಂಧನೂರು, ಕೊಪ್ಪಳ ಓಡಾಟ. ತಗೋಬಹುದಾ? ವರ್ಷಕ್ಕೆ ಎಷ್ಟು ಖರ್ಚು ಬರುತ್ತದೆ? ನಮ್ಮ ಕಡೆ ಯಾರು ರಿಪೇರಿ ಮಾಡುತ್ತಾರೆ? ಇಟ್ಟುಕೊಂಡವರು ದಯವಿಟ್ಟು ಹೇಳಿ.

ಬಳ್ಳಾರಿಯಿಂದ

ತಮ್ಮಾ, ನನ್ನ ಹತ್ತಿರ ಇದೇ ಗಾಡಿ ಇದೆ. 2008ರದ್ದು. ಒಂಬತ್ತು ವರ್ಷದಿಂದ ನಾನೇ ಓಡಿಸುತ್ತಿದ್ದೇನೆ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ, ಪೂರ್ತಿ ಓದು.

ಮೊದಲು ಒಂದು ಮಾತು. ಎಲ್ಲರೂ ಕಿಲೋಮೀಟರ್ ಕೇಳುತ್ತಾರೆ. ನಮ್ಮ ಕಡೆ ಈ ಗಾಡಿಗಳು ಓಡಿ ಕೆಡುವುದಿಲ್ಲ. ನಿಂತು ಕೆಡುತ್ತವೆ, ಬಿಸಿಲಲ್ಲಿ ಕಾದು ಕೆಡುತ್ತವೆ, ಧೂಳು ತಿಂದು ಕೆಡುತ್ತವೆ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯಲ್ಲಿ ಗಣಿ ನಿಲ್ಲಿಸಿತಲ್ಲ, ಆಮೇಲೆ ಇಲ್ಲಿ ಎಷ್ಟೋ ದೊಡ್ಡ ಗಾಡಿಗಳು ಶೆಡ್ಡು ಸೇರಿದವು. ನನ್ನದೂ ಅಂಥದ್ದೇ. ನಾನು ತಗೊಳ್ಳುವ ಮುಂಚೆ ಎರಡು ವರ್ಷ ತಗಡಿನ ಶೆಡ್ಡಿನಲ್ಲಿ ನಿಂತಿತ್ತು. ಓಡಿದ್ದು 78,000 ಮಾತ್ರ. ಕಡಿಮೆ ಓಡಿದೆ ಅಂತ ಖುಷಿಯಿಂದ ತಂದೆ. ಮೊದಲ ವರ್ಷವೇ 1,85,000 ರೂಪಾಯಿ ಹಾಕಬೇಕಾಯಿತು. ಎಂಜಿನ್ ಒಳಗೆ ಏನೂ ಸವೆದಿರಲಿಲ್ಲ. ಹೋಗಿದ್ದೆಲ್ಲ ರಬ್ಬರು: ಪೈಪು, ಬುಷ್, ಸೀಲು, ಎಂಜಿನ್ ಮೌಂಟು, ಟೈರು.

ಈ ಗಾಡಿಯಲ್ಲಿ ನೀನು ಖುದ್ದು ನೋಡಲೇಬೇಕಾದ ಜಾಗ ಒಂದಿದೆ. ಇದು ವಿ6 ಎಂಜಿನ್, ಅಂದರೆ ಆರು ಸಿಲಿಂಡರ್ ಎರಡು ಸಾಲಾಗಿ ವಿ ಆಕಾರದಲ್ಲಿ ಕೂತಿವೆ. ಎಂಜಿನ್ ಆಯಿಲ್ ತಣ್ಣಗಿಡುವ ಆಯಿಲ್ ಕೂಲರ್ ಎರಡೂ ಸಾಲಿನ ಸಿಲಿಂಡರ್‌ಗಳ ನಡುವಿನ ಕಣಿವೆಯಲ್ಲಿ, ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಟರ್ಬೊ ಕೆಳಗೆ ಕೂತಿದೆ. ಅದರ ಸೀಲು ವರ್ಷಗಟ್ಟಲೆ ಕಾದು ಕಾದು ಗಟ್ಟಿಯಾಗುತ್ತದೆ. ಆಗ ಆಯಿಲ್ ಜಿನುಗಿ ಹಿಂದಕ್ಕೆ ಹರಿದು, ಎಂಜಿನ್ನೂ ಗೇರ್‌ಬಾಕ್ಸೂ ಸೇರುವ ಜಾಗದ ಕೆಳಗಿನ ಸಣ್ಣ ತೂತಿನಿಂದ ತೊಟ್ಟಿಕ್ಕುತ್ತದೆ. ನೋಡಿದವರು ಕ್ರ್ಯಾಂಕ್‌ನ (ಎಂಜಿನ್ ಒಳಗೆ ತಿರುಗುವ ದಂಡದ) ಹಿಂದಿನ ಸೀಲು ಹೋಗಿದೆ ಅಂತಲೇ ಅಂದುಕೊಳ್ಳುತ್ತಾರೆ. ನನಗೂ ಹಾಗೇ ಆಯಿತು. ಬೆಂಗಳೂರಿನ ಒಂದು ಗ್ಯಾರೇಜಿನಲ್ಲಿ ಗೇರ್‌ಬಾಕ್ಸ್ ಇಳಿಸಿ, ಹಿಂದಿನ ಸೀಲು ಬದಲಿಸಿ, 38,000 ಬಿಲ್ ಕೊಟ್ಟರು. ವಾಪಸ್ ಊರಿಗೆ ಬಂದು ಮನೆ ಮುಂದೆ ನಿಲ್ಲಿಸಿದರೆ ಮರುದಿನ ಬೆಳಿಗ್ಗೆ ನೆಲದ ಮೇಲೆ ಮತ್ತೆ ಅದೇ ಕಲೆ.

ಕೊನೆಗೆ ಹಿಡಿದದ್ದು ನಮ್ಮ ಬಳ್ಳಾರಿಯ ಲಾರಿ ಮೇಸ್ತ್ರಿ. ಬೆಂಜ್ ಅವರಿಗೆ ಹೊಸದು. ಆದರೆ ಡೀಸೆಲ್ ಎಂಜಿನ್ ಜೊತೆ ನಲವತ್ತು ವರ್ಷ ಕಳೆದವರು. ಆ ತೂತನ್ನು ಬಟ್ಟೆಯಿಂದ ಒರೆಸಿದರು, ಕಾಲು ಗಂಟೆ ಎಂಜಿನ್ ಓಡಿಸಿದರು. ಆಮೇಲೆ ಕೆಳಗೆ ನೋಡಲಿಲ್ಲ. ಮೇಲೆ ಕವರ್ ಬಿಚ್ಚಿ, ಟರ್ಬೊ ಸಂದಿಯಲ್ಲಿ ಟಾರ್ಚ್ ಬಿಟ್ಟು ನನ್ನನ್ನು ಕರೆದರು. ಕಣಿವೆಯಲ್ಲಿ ಆಯಿಲ್ ಕೆರೆ ಹಾಗೆ ನಿಂತಿತ್ತು. "ನೀರು ಮ್ಯಾಲಿಂದ ಕೆಳಗ ಹರೀತೈತಿ ಸಾಹೇಬ್ರ, ಎಣ್ಣಿನೂ ಹಂಗ" ಅಂದರು.

ಟರ್ಬೊ, ಇಂಟೇಕ್ ಎಲ್ಲ ಬಿಚ್ಚಿ ಸೀಲು ತೆಗೆಯಲು ಮೂರು ದಿನ ಹಿಡಿಯಿತು. ಹಳೇ ಸೀಲು ಕಿತ್ತಳೆ ಬಣ್ಣದ್ದು. ಉಗುರಿನಿಂದ ಒತ್ತಿದರೆ ಬಿಸ್ಕತ್ತಿನ ಹಾಗೆ ಪಟ್ಟನೆ ಮುರಿಯಿತು. ಆಮೇಲೆ ಬಂದ ಸುಧಾರಿಸಿದ ಸೀಲು ಬದನೆಕಾಯಿ ಬಣ್ಣದ್ದು, ಬಿಸಿ ಜಾಸ್ತಿ ತಡೆಯುತ್ತದೆ. ಅದನ್ನೇ ಹಾಕಿಸಬೇಕು. ಸೀಲಿನ ಬೆಲೆ ಏನೂ ಅಲ್ಲ, ಕೂಲಿಯೇ ಎಲ್ಲ. ಅಷ್ಟು ಬಿಚ್ಚಿದಾಗ ಟರ್ಬೊ ಬಾಯಿಯ ರಬ್ಬರ್ ಸೀಲೂ ಬದಲಿಸಿಬಿಡು. ಅಲ್ಲಿಂದ ಜಿನುಗುವ ಆಯಿಲ್ ಕೆಳಗಿರುವ ಇಂಟೇಕ್ ಫ್ಲ್ಯಾಪಿನ ಮೋಟರ್ ಮೇಲೆ ಬಿದ್ದು ಅದನ್ನು ಕೆಡಿಸುತ್ತದೆ.

ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ಕೂತಿರುವ ಜಾಗವನ್ನೂ ನೋಡು. ಕವರ್ ತೆಗೆದಾಗ ಸುತ್ತ ಡಾಂಬರಿನಂಥ ಕಪ್ಪು ಗಟ್ಟಿ ಇದ್ದರೆ, ಕೋಲ್ಡ್ ಸ್ಟಾರ್ಟಿನಲ್ಲಿ ಚಫ್ ಚಫ್ ಅಂತ ಸದ್ದು ಬಂದರೆ, ತಾಮ್ರದ ವಾಷರ್ ಹೋಗಿದೆ ಅಂತ ಅರ್ಥ. ಬೇಗ ಹಿಡಿದರೆ ಸಣ್ಣ ಖರ್ಚು. ತಡ ಮಾಡಿದರೆ ಆ ಕಪ್ಪು ಗಟ್ಟಿಯಾಗಿ ಇಂಜೆಕ್ಟರ್ ಕೀಳುವುದೇ ದೊಡ್ಡ ಕೆಲಸ.

ಇನ್ನು ನೀರು. ಇದನ್ನು ನಾನು ಎಲ್ಲರಿಗೂ ಕೈ ಮುಗಿದು ಹೇಳುತ್ತೇನೆ. ರೇಡಿಯೇಟರ್‌ಗೆ ಬೋರ್ ನೀರು ಹಾಕಬೇಡಿ. ನಮ್ಮ ಕಡೆಯ ಬೋರ್ ನೀರು ಎಂಥ ಗಡಸು ಅಂತ ಮನೆಯ ಗೀಸರ್ ಕಾಯಿಲ್ ನೋಡಿದರೆ ಗೊತ್ತಾಗುತ್ತದೆ. ಅದೇ ಬಿಳಿ ಪದರ ಎಂಜಿನ್ ಒಳಗೂ ಕಟ್ಟುತ್ತದೆ. ಬೆಂಜ್‌ಗೆ ಹೇಳಿದ ಕೂಲಂಟು, ಅರ್ಧಕ್ಕರ್ಧ ಡಿಸ್ಟಿಲ್ಡ್ ವಾಟರ್, ಅಷ್ಟೇ. ಬ್ಯಾಟರಿ ಅಂಗಡಿಯಲ್ಲಿ ಐದು ಲೀಟರ್ ಕ್ಯಾನ್ ಸಿಗುತ್ತದೆ, ಡಿಕ್ಕಿಯಲ್ಲಿ ಒಂದು ಸದಾ ಇರಲಿ.

ಗೇರ್‌ಬಾಕ್ಸ್ ಏಳು ಸ್ಪೀಡಿನ ಆಟೊಮ್ಯಾಟಿಕ್. "ಅದರ ಆಯಿಲ್ ಬದಲಿಸೋದೇ ಬೇಡ" ಅನ್ನುವವರ ಮಾತು ಕೇಳಬೇಡ. ನಾನು 60,000 ಕಿ.ಮೀ.ಗೆ ಒಮ್ಮೆ ಆಯಿಲ್, ಫಿಲ್ಟರ್ ಎರಡೂ ಬದಲಿಸುತ್ತೇನೆ. ಎಂಜಿನ್ ಆಯಿಲ್ ಸುಮಾರು ಎಂಟೂವರೆ ಲೀಟರ್ ಹಿಡಿಯುತ್ತದೆ. ಡಬ್ಬಿ ಮೇಲೆ 229.5 ಅಥವಾ 229.51 ಅಂತ ಬೆಂಜ್ ಅಪ್ರೂವಲ್ ನಂಬರ್ ಇರಲೇಬೇಕು. ಕಂಪನಿ ಹೇಳಿದ ಅವಧಿ ಉದ್ದ ಇದೆ. ನಮ್ಮ ಧೂಳಿಗೆ, ಬಿಸಿಲಿಗೆ ನಾನು 8,000ಕ್ಕೇ ಬದಲಿಸುತ್ತೇನೆ.

ಖರ್ಚು ಕೇಳಿದೆಯಲ್ಲ. ನಾನು ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಮೊದಲ ವರ್ಷ ಬಿಟ್ಟರೆ, ಸರಾಸರಿ ವರ್ಷಕ್ಕೆ 65,000ದಿಂದ 70,000. ಗೇರ್‌ಬಾಕ್ಸಿನ ಎಲೆಕ್ಟ್ರಿಕಲ್ ಪ್ಲೇಟ್ ಕೆಟ್ಟ ವರ್ಷ ಮಾತ್ರ 1,10,000 ದಾಟಿತು. ಇದು ಡೀಸೆಲ್, ಇನ್ಶೂರೆನ್ಸ್ ಬಿಟ್ಟು. ಹಾಗಾಗಿ ನಿನ್ನ ಹತ್ತಿರ ನಾಲ್ಕು ಲಕ್ಷ ಇದ್ದರೆ ನಾಲ್ಕು ಲಕ್ಷದ ಗಾಡಿ ತಗೋಬೇಡ. ಎರಡೂಮುಕ್ಕಾಲು ಲಕ್ಷದ ಗಾಡಿ ತಗೋ, ಉಳಿದದ್ದು ಬ್ಯಾಂಕಿನಲ್ಲಿರಲಿ.

ರಿಪೇರಿಯನ್ನು ನಾನು ಎರಡು ಭಾಗ ಮಾಡಿಕೊಂಡಿದ್ದೇನೆ. ಸ್ಕ್ಯಾನರ್ ಬೇಕಾದ ಕೆಲಸಕ್ಕೆ ವರ್ಷಕ್ಕೊಮ್ಮೆ ಬೆಂಗಳೂರು. ಸಸ್ಪೆನ್ಷನ್, ಬ್ರೇಕ್ ಪ್ಯಾಡ್, ಆಯಿಲ್, ರೇಡಿಯೇಟರ್, ಸೈಲೆನ್ಸರ್ ಎಲ್ಲ ಇಲ್ಲೇ. ಅದಿರು ಲಾರಿಗಳಿಂದಾಗಿ ಬಳ್ಳಾರಿ, ಹೊಸಪೇಟೆಯಲ್ಲಿ ಲೇತ್‌ನವರು, ಪಂಪು-ನಾಜಲ್‌ನವರು, ಹೋಸ್ ಪೈಪಿನವರು ಒಳ್ಳೊಳ್ಳೆಯವರು ಇದ್ದಾರೆ. ಒಬ್ಬ ಮೇಸ್ತ್ರಿಯನ್ನು ಹಿಡಿದುಕೊಂಡು ಅವರ ಹತ್ತಿರವೇ ಹೋಗು, ಊರೆಲ್ಲ ಸುತ್ತಬೇಡ. ಆದರೆ ಇಂಜೆಕ್ಟರನ್ನು ಮಾತ್ರ ಇಲ್ಲಿ ಬಿಚ್ಚಿಸಬೇಡ. ಇವು ಕರೆಂಟಿನಿಂದ ತೆರೆದು ಮುಚ್ಚುವ ಪಿಯೆಜೊ ಇಂಜೆಕ್ಟರ್, ಲಾರಿ ನಾಜಲ್‌ನ ಹಾಗೆ ರಿಪೇರಿ ಆಗುವುದಿಲ್ಲ.

ಸಾಮಾನು ತರಿಸುವಾಗ ಚಾಸಿ ನಂಬರ್ ಕೊಟ್ಟು ಪಾರ್ಟ್ ನಂಬರ್ ತಗೋ. ಎ ಅಕ್ಷರದಿಂದ ಶುರುವಾಗುತ್ತದೆ. ಆ ನಂಬರಿಗೆ ಲೆಮ್‌ಫೋರ್ಡರ್, ಬಾಷ್, ಮಾನ್, ಸ್ಯಾಕ್ಸ್ ಕಂಪನಿಗಳ ಡಬ್ಬಿಯಲ್ಲಿ ಬರುವ ಸಾಮಾನು ಬೆಂಜ್‌ನ ಸ್ಟಾರ್ ಗುರುತಿನ ಡಬ್ಬಿಗಿಂತ ಎಷ್ಟೋ ಅಗ್ಗ, ಗುಣದಲ್ಲಿ ಕಡಿಮೆ ಏನಿಲ್ಲ.

ಸಿಂಧನೂರಿನಿಂದ

ಬಳ್ಳಾರಿ ಅಣ್ಣ ಹೇಳಿದ್ದೆಲ್ಲ ಖರೆ. ನಮ್ಮದು ಅಕ್ಕಿ ಗಿರಣಿ, ಗಾಡಿ 2012ರ ಇ250 ಸಿಡಿಐ. ಗಂಗಾವತಿಯೂ ಭತ್ತದ ಊರೇ ಆದ್ದರಿಂದ ಎರಡು ಮಾತು ಸೇರಿಸುತ್ತೇನೆ.

ಒಂದು, ಇಲಿ. ಕೊಯ್ಲು ಮುಗಿದು ಗದ್ದೆ ಖಾಲಿಯಾದಾಗ ಇಲಿಗಳು ಊರಿಗೆ ಬರುತ್ತವೆ, ಬೆಚ್ಚಗಿನ ಎಂಜಿನ್ ಅವಕ್ಕೆ ಮನೆ. ಎರಡು ವರ್ಷದ ಹಿಂದೆ ದೀಪಾವಳಿ ಆದ ಮೇಲೆ ಒಂದು ದಿನ ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಡ್ಯಾಶ್‌ಬೋರ್ಡಿನಲ್ಲಿ ಇರುವ ಲೈಟೆಲ್ಲ ಹತ್ತಿದವು. ಬಾನೆಟ್ ಎತ್ತಿದೆ. ಎಂಜಿನ್ ಕವರ್ ಕೆಳಗಿನ ಸ್ಪಂಜು ಹರಿದು ಗೂಡು ಮಾಡಿತ್ತು, ಅದರಲ್ಲಿ ಒಂದು ಹಿಡಿ ಭತ್ತ. ಪಕ್ಕದಲ್ಲಿ ಕಡಿದ ವೈರು, ಒಳಗಿನ ತಾಮ್ರ ಹೊಳೆಯುತ್ತಿತ್ತು. ಇಂಥ ಗಾಡಿಯಲ್ಲಿ ಒಂದು ವೈರು ಕಡಿದರೆ ಯಾವುದು ಅಂತ ಹುಡುಕುವುದರಲ್ಲೇ ದಿನ ಹೋಗುತ್ತದೆ. ಈಗ ರಾತ್ರಿ ಬಾನೆಟ್ ಎತ್ತಿಟ್ಟೇ ಮಲಗುತ್ತೇನೆ, ಕೆಳಗಿನಿಂದ ಸಣ್ಣ ಕಣ್ಣಿನ ಜಾಲರಿ ಹಾಕಿಸಿದ್ದೇನೆ. ಆಮೇಲೆ ತೊಂದರೆ ಬಂದಿಲ್ಲ. ಬಾನೆಟ್ ಲೈಟ್ ಇದ್ದರೆ ಬಲ್ಬ್ ತೆಗೆದುಬಿಡಿ, ಇಲ್ಲದಿದ್ದರೆ ಬ್ಯಾಟರಿ ಇಳಿಯುತ್ತದೆ.

ಎರಡು, ಹೊಟ್ಟು. ಎಸಿ ಕಂಡೆನ್ಸರ್‌ಗೂ ರೇಡಿಯೇಟರ್‌ಗೂ ನಡುವೆ ಒಂದು ಬೆರಳು ಸಂದಿ ಇರುತ್ತದೆ. ಹೊರಗಿನಿಂದ ನೋಡಿದರೆ ಚೊಕ್ಕಟ ಕಾಣುತ್ತದೆ. ಆ ಸಂದಿಯಲ್ಲಿ ಹೊಟ್ಟು, ಧೂಳು ಸೇರಿ ಕಂಬಳಿ ಹೊದಿಸಿದ ಹಾಗೆ ಆಗಿರುತ್ತದೆ. ಮೇ ತಿಂಗಳಲ್ಲಿ ಎಸಿ ತಂಪಾಗಲ್ಲ ಅಂತ ಗ್ಯಾಸ್ ತುಂಬಿಸುತ್ತಾ ಕೂರುತ್ತಾರೆ, ಅದರಿಂದ ಏನೂ ಆಗುವುದಿಲ್ಲ. ವರ್ಷಕ್ಕೊಮ್ಮೆ, ಯುಗಾದಿಗೆ ಮುಂಚೆ, ಫ್ಯಾನ್ ಬಿಚ್ಚಿ ಎಂಜಿನ್ ಕಡೆಯಿಂದ ಹೊರಕ್ಕೆ ಮೆಲ್ಲಗೆ ನೀರು ಬಿಡಬೇಕು. ಸರ್ವಿಸ್ ಸ್ಟೇಷನ್ನಿನ ಜೋರು ಪ್ರೆಶರ್ ಬೇಡ, ತೆಳು ರೆಕ್ಕೆಗಳು ಮಡಚಿಕೊಳ್ಳುತ್ತವೆ.

ರಾಯಚೂರಿನಿಂದ

ಕಾಗದಪತ್ರದ ಬಗ್ಗೆ ಯಾರೂ ಹೇಳಿಲ್ಲ, ನಾನು ಹೇಳುತ್ತೇನೆ. 2009ರ ಗಾಡಿ ಅಂದರೆ ಹದಿನೈದು ವರ್ಷ ಆಗಿದೆ. ಆರ್.ಸಿ. ನವೀಕರಣ ಆಗಿದೆಯಾ ಮೊದಲು ನೋಡಿ. ಆಗಿದ್ದರೆ ಐದು ವರ್ಷ ಸಿಕ್ಕಿರುತ್ತದೆ. ಆಗಿಲ್ಲದಿದ್ದರೆ ಮಾಲೀಕರೇ ಮಾಡಿಸಿ ಕೊಡಲಿ. 2022ರ ಏಪ್ರಿಲ್‌ನಿಂದ ಹದಿನೈದು ವರ್ಷ ದಾಟಿದ ಕಾರಿನ ನವೀಕರಣಕ್ಕೆ ಫೀಸು 5,000 ಆಯಿತು, ಹೊರದೇಶದಿಂದ ಪೂರ್ತಿ ತಯಾರಾಗಿ ಬಂದ ಗಾಡಿಗೆ 40,000. ಇಪ್ಪತ್ತು ವರ್ಷ ದಾಟಿದರೆ ಇನ್ನೂ ಜಾಸ್ತಿ. ಇ-ಕ್ಲಾಸ್ 1995ರಿಂದಲೇ ಪುಣೆಯಲ್ಲಿ ಜೋಡಣೆ ಆಗುತ್ತಿದೆ. ಆದರೂ ಆರ್.ಸಿ.ಯಲ್ಲಿ ಏನು ಬರೆದಿದೆ ಓದಿಕೊಳ್ಳಿ. ತಡವಾದರೆ ತಿಂಗಳಿಗೆ 500ರಂತೆ ದಂಡ ಕೂಡುತ್ತಾ ಹೋಗುತ್ತದೆ.

ಕೆಎ 34, 35, 36, 37 ಯಾವುದಾದರೂ ಸರಿ, ಕರ್ನಾಟಕದ ನಂಬರ್ ಇರುವುದನ್ನೇ ತಗೊಳ್ಳಿ. ನಾನು ದೆಹಲಿ ಗಾಡಿ ತಂದು ಪಟ್ಟ ಪಾಡು ನನಗೇ ಗೊತ್ತು. ಅಲ್ಲಿ ಹತ್ತು ವರ್ಷ ದಾಟಿದ ಡೀಸೆಲ್‌ಗೆ ತಡೆ ಬಂದಿದ್ದರಿಂದ ಅಗ್ಗಕ್ಕೆ ಸಿಕ್ಕಿತು. ನಡುವೆ ಇದ್ದ ದಲ್ಲಾಳಿ ಎನ್.ಒ.ಸಿ. (ಗಾಡಿ ಬೇರೆ ರಾಜ್ಯಕ್ಕೆ ಒಯ್ಯಲು ಬೇಕಾದ ನಿರಾಕ್ಷೇಪಣಾ ಪತ್ರ) ಕೊಡಿಸಲು ಐದು ತಿಂಗಳು ಸತಾಯಿಸಿದ. ಆಮೇಲೆ ಇಲ್ಲಿ ಲೈಫ್‌ಟೈಮ್ ಟ್ಯಾಕ್ಸ್. ಅದು ನೀವು ಕೊಟ್ಟ ಬೆಲೆ ಮೇಲೆ ಅಲ್ಲ, ಗಾಡಿ ಹೊಸದಿದ್ದಾಗಿನ ಬೆಲೆ ಮೇಲೆ ಲೆಕ್ಕ. ವಯಸ್ಸಿಗೆ ತಕ್ಕಂತೆ ಕಡಿಮೆ ಮಾಡುತ್ತಾರೆ, ಆದರೂ ಉಳಿಸಿದೆ ಅಂದುಕೊಂಡ ದುಡ್ಡು ಅಲ್ಲೇ ಹೋಯಿತು.

ಕೊಪ್ಪಳದಿಂದ

ಅಪ್ಪಾಜಿಗೆ ಬೇಕಿರುವುದು ಬೆಂಜ್ ಆದರೆ ಮೇಲಿನವರ ಮಾತು ಕೇಳಿ. ಆರಾಮಾದ ಸೀಟು, ಸದ್ದಿಲ್ಲದ ಪಯಣ ಸಾಕು ಅಂದರೆ ಹಳೇ ಹೋಂಡಾ ಅಕಾರ್ಡ್, ಟೊಯೊಟಾ ಕ್ಯಾಮ್ರಿ ಪೆಟ್ರೋಲ್ ನೋಡಿ. ನನ್ನ ಅಕಾರ್ಡ್ ಲೀಟರಿಗೆ ಒಂಬತ್ತು ಕೊಡುತ್ತದೆ, ಪೆಟ್ರೋಲ್ ಕುಡಿಯುವುದು ನಿಜ. ಆದರೆ ಏಳು ವರ್ಷದಲ್ಲಿ ಬುಷ್, ಬ್ಯಾಟರಿ, ಟೈರು ಬಿಟ್ಟು ಏನೂ ಬದಲಿಸಿಲ್ಲ. ಕುಷ್ಟಗಿ ದಾರಿಯ ಹಂಪ್‌ಗಳಲ್ಲಿ ಮಾತ್ರ ಹೊಟ್ಟೆ ತಾಗುತ್ತದೆ. ಐದು ಜನ ಕೂತಾಗ ಓರೆಯಾಗಿ ಹತ್ತಿಸಬೇಕು.

ಗಂಗಾವತಿಯಿಂದ

ಎಲ್ಲರಿಗೂ ಬಹಳ ಧನ್ಯವಾದ. ಅಪ್ಪಾಜಿಗೆ ಓದಿ ಹೇಳಿದೆ. ಅಕಾರ್ಡ್ ಅಂದಾಗ ಸುಮ್ನೆ ತಲೆ ಆಡಿಸಿದರು, ಬೆಂಜ್ ಅಂದಾಗ ಎದ್ದು ಕೂತರು. ನಿನ್ನೆ ಹೊಸಪೇಟೆಗೆ ಹೋಗಿ ಟಾರ್ಚ್ ಹಿಡಿದು ನೋಡಿದೆ. ಆ ತೂತಿನ ಹತ್ತಿರ ಒದ್ದೆ ಇದೆ. ಇಂಜೆಕ್ಟರ್ ಸುತ್ತ ಕಪ್ಪು ಇಲ್ಲ. ಟೈರಿನಲ್ಲಿ 2316 ಅಂತ ಇದೆ. ಕೂಲಂಟ್ ಡಬ್ಬಿ ಮುಚ್ಚಳ ತೆಗೆದರೆ ನೀರು ಕೆಂಪು ಮಣ್ಣಿನ ಬಣ್ಣ. ಆರ್.ಸಿ. 2029ರವರೆಗೆ ಇದೆ. ಮೂರು ಐವತ್ತಕ್ಕೆ ಇಳಿದಿದ್ದಾರೆ. ಏನು ಮಾಡಲಿ ಅಣ್ಣಾ?

ಬಳ್ಳಾರಿಯಿಂದ

ಒಳ್ಳೇ ಕೆಲಸ ಮಾಡಿದೆ ತಮ್ಮಾ. 2316 ಅಂದರೆ 2016ರ ಇಪ್ಪತ್ಮೂರನೇ ವಾರ ತಯಾರಾದ ಟೈರು. ಟೈರಿನ ಮೇಲಿನ ಗೆರೆ ಎಷ್ಟೇ ಆಳ ಇರಲಿ, ನಾಲ್ಕೂ ಬದಲಿಸಬೇಕು. ಬೆಂಗಳೂರು ಹೈವೇಗೆ ಆ ಟೈರಿನಲ್ಲಿ ಅಪ್ಪಾಜಿಯನ್ನು ಕೂರಿಸಬೇಡ. ತೂತಿನ ಒದ್ದೆಗೆ ನಾನು ಹೆದರುವುದಿಲ್ಲ, ಅದು ಮೂರು ದಿನದ ಕೆಲಸ, ಬೆಲೆಯಲ್ಲಿ ಕಡಿಸು.

ನನಗೆ ಚಿಂತೆ ಆ ಕೆಂಪು ನೀರಿನದ್ದು. ಯಾರೋ ವರ್ಷಗಟ್ಟಲೆ ಬರೀ ನೀರು ತುಂಬಿಸಿ ಓಡಿಸಿದ್ದಾರೆ, ಒಳಗೆ ತುಕ್ಕು ಹಿಡಿದಿದೆ. ಬರೀ ತುಕ್ಕಾದರೆ ತೊಳೆದು ಉಳಿಸಿಕೊಳ್ಳಬಹುದು. ನೀರಿನ ಮೇಲೆ ಎಣ್ಣೆ ಪದರ ತೇಲುತ್ತಿದ್ದರೆ, ಅಥವಾ ಒಮ್ಮೆ ಎಂಜಿನ್ ಬಿಸಿಯಾಗಿ ಹೆಡ್ ಗ್ಯಾಸ್ಕೆಟ್ (ಎಂಜಿನ್‌ನ ಮೇಲ್ಭಾಗಕ್ಕೂ ಕೆಳಭಾಗಕ್ಕೂ ನಡುವಿನ ಸೀಲು) ಹೋಗಿದ್ದರೆ ಎಷ್ಟು ಅಗ್ಗಕ್ಕೆ ಕೊಟ್ಟರೂ ಬೇಡ. ಇದನ್ನು ಫೋಟೊ ನೋಡಿ ಹೇಳೋಕಾಗಲ್ಲ. ಕೂಲಂಟ್ ಪ್ರೆಶರ್ ಟೆಸ್ಟ್ ಮಾಡಬೇಕು, ಮಧ್ಯಾಹ್ನದ ಬಿಸಿಲಲ್ಲಿ ಎಸಿ ಹಾಕಿ ಅರ್ಧ ಗಂಟೆ ನಿಲ್ಲಿಸಿ ಟೆಂಪರೇಚರ್ ಮುಳ್ಳು 90ರ ಹತ್ತಿರ ನಿಲ್ಲುತ್ತದಾ ನೋಡಬೇಕು. ಅಲ್ಲಿಯವರೆಗೆ ಅಡ್ವಾನ್ಸ್ ಕೊಡಬೇಡ.

ಭಾನುವಾರ ಮೇಸ್ತ್ರಿಯನ್ನು ಕರೆದುಕೊಂಡು ಎಂಟು ಗಂಟೆಗೆ ಹೊಸಪೇಟೆಗೆ ಬರುತ್ತೇನೆ. ಪ್ರೆಶರ್ ಪಂಪ್ ಅವರ ಹತ್ತಿರವೇ ಇದೆ. ನಾವು ಬರುವ ತನಕ ಗಾಡಿ ಸ್ಟಾರ್ಟ್ ಮಾಡಬೇಡಿ ಅಂತ ಮಾಲೀಕರಿಗೆ ಇವತ್ತೇ ಹೇಳಿಬಿಡು. ಎಂಜಿನ್ ತಣ್ಣಗಿದ್ದಾಗಿನ ಮೊದಲ ಸದ್ದು ನಾನು ಕೇಳಬೇಕು.