2 ಅಡಿ ಟ್ಯಾಂಕಿಗೆ ಯಾವ ಫಿಲ್ಟರ್? ಬೋರ್ ನೀರು, ದಿನಾ ಕರೆಂಟ್ ಹೋಗುತ್ತೆ

ಗಪ್ಪಿಗೂಡು:

ಎಲ್ಲರಿಗೂ ನಮಸ್ಕಾರ. 24 × 12 × 12 ಇಂಚಿನ ಗಾಜಿನ ಟ್ಯಾಂಕ್ ಮನೆಗೆ ಬಂದಿದೆ. ನೀರು ತುಂಬೋ ಮುಂಚೆ ಫಿಲ್ಟರ್ ಯಾವುದು ಅಂತ ತೀರ್ಮಾನ ಮಾಡಬೇಕು.

ಊರು ತುಮಕೂರು ಕಡೆ. ನೀರು ಬೋರ್‌ವೆಲ್‌ದು, ಗಡಸು, ಪಾತ್ರೆ ಮೇಲೆ ಬಿಳಿ ಕಲೆ ಕೂರುತ್ತೆ. ಪಿಎಚ್ 8ರ ಮೇಲೇ ಇದೆ. ಕರೆಂಟ್ ದಿನಕ್ಕೆ ಎರಡು ಮೂರು ಗಂಟೆ ಹೋಗೋದು ಮಾಮೂಲಿ. 8–10 ಗಪ್ಪಿ ಬಿಡಬೇಕು ಅಂತಿದೆ, ಜೊತೆಗೆ ಒಂದೆರಡು ಅನೂಬಿಯಾಸ್, ಜಾವಾ ಫರ್ನ್ ಗಿಡ. ಟ್ಯಾಂಕ್ ಇಡೋದು ಮಲಗೋ ಕೋಣೆಯಲ್ಲಿ, ಹಾಗಾಗಿ ಸದ್ದು ಕಡಿಮೆ ಇರಬೇಕು.

ಅಂಗಡಿಯಲ್ಲಿ ಮೂರು ತರದ್ದು ತೋರಿಸಿದರು: ನೀರಲ್ಲಿ ಮುಳುಗಿಸೋ ಇಂಟರ್ನಲ್ ಪವರ್ ಫಿಲ್ಟರ್ (ಡಬ್ಬದ ಮೇಲೆ ಗಂಟೆಗೆ 600 ಲೀಟರ್ ಅಂತಿದೆ), ಟ್ಯಾಂಕಿನ ಅಂಚಿಗೆ ನೇತು ಹಾಕೋ ಹ್ಯಾಂಗ್ ಆನ್, ಏರ್ ಪಂಪಿನಿಂದ ನಡೆಯೋ ಸ್ಪಂಜ್ ಫಿಲ್ಟರ್. ಜಲ್ಲಿ ಕೆಳಗೆ ಪ್ಲೇಟ್ ಹಾಸಿಬಿಟ್ಟರೆ ಇದ್ಯಾವುದೂ ಬೇಡ ಅಂತಲೂ ಹೇಳಿದರು. ಯಾವುದು ತಗೊಳ್ಳಲಿ, ಯಾಕೆ ಅಂತ ತಿಳಿದವರು ಹೇಳಿ.

ಕೆರೆ_ಏರಿ:

ಮೊದಲು ಲೆಕ್ಕ. ನಿಮ್ಮ ಟ್ಯಾಂಕಿನ ಅಳತೆಗೆ 56 ಲೀಟರ್ ಬರುತ್ತೆ. ಮೇಲೆ ಒಂದೂವರೆ ಇಂಚು ಖಾಲಿ ಬಿಟ್ಟು, ಕೆಳಗೆ ಒಂದೂವರೆ ಇಂಚು ಜಲ್ಲಿ ಹಾಕಿದರೆ ನಿಜವಾಗಿ ಇರೋ ನೀರು 45 ಲೀಟರ್. ಗಂಟೆಗೆ ಅದರ 4ರಿಂದ 6 ಪಟ್ಟು ನೀರು ಫಿಲ್ಟರ್ ಮೂಲಕ ಹಾದು ಹೋದರೆ ಸಾಕು, ಅಂದರೆ 180–270 ಲೀಟರ್. ಡಬ್ಬದ ಮೇಲಿನ ಸಂಖ್ಯೆ ಸ್ಪಂಜು, ರಿಂಗು ಏನೂ ಹಾಕದೆ, ನೀರನ್ನು ಮೇಲಕ್ಕೆತ್ತದೆ ಅಳೆದದ್ದು. ಬಳಕೆಯಲ್ಲಿ ಅದು ತುಂಬಾ ಇಳಿಯುತ್ತೆ, ಸ್ಪಂಜು ಕಟ್ಟಿಕೊಂಡಾಗ ಇನ್ನೂ ಇಳಿಯುತ್ತೆ. ಹಾಗಿದ್ದರೂ 600ರ ಪಂಪು 2 ಅಡಿ ಟ್ಯಾಂಕಿನಲ್ಲಿ ಗಪ್ಪಿಗೆ ಜಾಸ್ತಿ. ಬಾಲ ದೊಡ್ಡದಿರೋ ಗಂಡು ಗಪ್ಪಿಗಳು ಸೆಳೆತಕ್ಕೆ ಎದುರು ಈಜಿ ಈಜಿ ಸುಸ್ತಾಗಿ ಮೂಲೆ ಸೇರ್ತವೆ, ಬಾಲದ ಅಂಚು ಹರಿಯುತ್ತೆ. ಅಷ್ಟು ಸೆಳೆತ ಬೇಕಾಗಿರೋದು ನಮ್ಮ ಘಟ್ಟದ ಹೊಳೆ ಮೀನುಗಳಿಗೆ. ಮಿಸ್ ಕೇರಳ ಅಂತ ಮಾರೋ ಡೆನಿಸನ್ ಬಾರ್ಬ್ ಆ ಜಾತಿಯದ್ದು, ಆದರೆ ಅದು ಅರ್ಧ ಅಡಿ ಬೆಳೆಯೋ ಮೀನು, 2 ಅಡಿ ಟ್ಯಾಂಕಿಗೆ ಅಲ್ಲವೇ ಅಲ್ಲ.

ನನ್ನ ಉತ್ತರ: ಸ್ಪಂಜ್ ಫಿಲ್ಟರ್, ಅದೂ ಒಂದು ದೊಡ್ಡದರ ಬದಲು ಎರಡು ಚಿಕ್ಕದು. ಕಣ್ಣಿಗೆ ಕಾಣೋ ಕಸ ಹಿಡಿಯೋದು ಫಿಲ್ಟರಿನ ಅರ್ಧ ಕೆಲಸ. ಮೀನು ಬಿಡೋ ಅಮೋನಿಯಾವನ್ನು ನೈಟ್ರೈಟ್ ಮಾಡಿ, ನೈಟ್ರೈಟನ್ನು ನೈಟ್ರೇಟ್ ಮಾಡೋ ಬ್ಯಾಕ್ಟೀರಿಯಾಗೆ ಜಾಗ ಮತ್ತು ಆಕ್ಸಿಜನ್ ಕೊಡೋದು ಅದರ ಮುಖ್ಯ ಕೆಲಸ. ಕರೆಂಟ್ ಹೋದಾಗ ಫಿಲ್ಟರುಗಳ ನಡುವಿನ ವ್ಯತ್ಯಾಸ ಗೊತ್ತಾಗೋದು ಇಲ್ಲೇ. ಸ್ಪಂಜು ಟ್ಯಾಂಕಿನ ನೀರಲ್ಲೇ ತೆರೆದುಕೊಂಡಿರುತ್ತೆ, ಮೂರು ಗಂಟೆ ಪಂಪ್ ನಿಂತರೂ ಸುತ್ತಲಿನ ನೀರಿಂದ ಅಷ್ಟಿಷ್ಟು ಆಕ್ಸಿಜನ್ ಸಿಗುತ್ತೆ. ಹ್ಯಾಂಗ್ ಆನ್ ಪೆಟ್ಟಿಗೆಯಲ್ಲಿ ನೀರು ನಿಂತಲ್ಲೇ ನಿಲ್ಲುತ್ತೆ. ಟ್ಯಾಂಕಿನ ಹೊರಗಿಟ್ಟು ಪೈಪಿಂದ ಜೋಡಿಸೋ, ಮುಚ್ಚಳ ಬಿಗಿದ ಕ್ಯಾನಿಸ್ಟರ್ ಫಿಲ್ಟರ್ ಎಲ್ಲಕ್ಕಿಂತ ಕಷ್ಟ. ಒಳಗಿನ ಆಕ್ಸಿಜನ್ ಮುಗಿದು ಬ್ಯಾಕ್ಟೀರಿಯಾ ಸಾಯೋಕೆ ಶುರುವಾಗುತ್ತೆ, ಕರೆಂಟ್ ಬಂದ ತಕ್ಷಣ ಆ ಕೊಳೆತ ನೀರನ್ನೇ ಮೀನಿನ ಮೇಲೆ ಸುರಿಯುತ್ತೆ.

ತಗೋಬೇಕಾದದ್ದು: 3–4 ಇಂಚು ಅಗಲದ ಸ್ಪಂಜಿನ ಫಿಲ್ಟರ್ ಎರಡು, ಎರಡು ತೂತಿನ ಏರ್ ಪಂಪ್ ಒಂದು (3–5 ವ್ಯಾಟ್ ಸಾಕು), 4 ಎಂಎಂ ಒಳ ಅಳತೆಯ ಸಿಲಿಕಾನ್ ಏರ್ ಪೈಪ್ 3 ಮೀಟರ್, ನಾನ್ ರಿಟರ್ನ್ ವಾಲ್ವ್ ಎರಡು, ಗಾಳಿ ಕಡಿಮೆ ಜಾಸ್ತಿ ಮಾಡೋ ಚಿಕ್ಕ ವಾಲ್ವ್ ಎರಡು, ಸಣ್ಣ ಏರ್ ಸ್ಟೋನ್ ಎರಡು. ಸ್ಪಂಜು ಒರಟಾಗಿರಲಿ, ಇಂಚಿಗೆ 20–30 ರಂಧ್ರದ್ದು. ತೀರಾ ನುಣ್ಣಗಿನದು ವಾರಕ್ಕೇ ಕಟ್ಟಿಕೊಳ್ಳುತ್ತೆ.

ಕೂರಿಸೋ ರೀತಿ: ಹೊಸ ಸ್ಪಂಜು ತೇಲುತ್ತೆ. ಬಕೆಟ್ ನೀರಿನೊಳಗೆ ಮುಳುಗಿಸಿಟ್ಟು ಗುಳ್ಳೆ ಬರೋದು ನಿಲ್ಲೋವರೆಗೂ ಹಿಂಡಿ, ಬಿಡಿ, ಮತ್ತೆ ಹಿಂಡಿ. ಏರ್ ಸ್ಟೋನನ್ನು ಮಧ್ಯದ ಕೊಳವೆಯೊಳಗೆ ಕೆಳಗಿನವರೆಗೂ ಇಳಿಸಿ, ಗುಳ್ಳೆ ಸಣ್ಣದಾಗಿ ಬುಳುಬುಳು ಸದ್ದೂ ತಗ್ಗುತ್ತೆ, ನೀರೂ ಚೆನ್ನಾಗಿ ಏರುತ್ತೆ. ಕೊಳವೆ ಗಿಡ್ಡವಾಗಿದ್ದರೆ ಉದ್ದ ಮಾಡಿ, ಅದರ ಬಾಯಿ ನೀರಿನ ಮಟ್ಟಕ್ಕಿಂತ ಅರ್ಧ ಇಂಚು ಕೆಳಗಿರಲಿ. ಕೊಳವೆ ಉದ್ದವಾದಷ್ಟೂ ಅದೇ ಗಾಳಿಗೆ ಎತ್ತೋ ನೀರು ಜಾಸ್ತಿ. ಎರಡು ಫಿಲ್ಟರನ್ನೂ ಹಿಂಬದಿಯ ಎರಡು ಮೂಲೆಗೆ ಇಡಿ.

ನಾನ್ ರಿಟರ್ನ್ ವಾಲ್ವ್ ಬಿಡಬೇಡಿ. ಪಂಪು ನೀರಿನ ಮಟ್ಟಕ್ಕಿಂತ ಕೆಳಗಿದ್ದರೆ ಕರೆಂಟ್ ಹೋದಾಗ ಏರ್ ಪೈಪೇ ಸೈಫನ್ ಆಗಿ ನೀರು ಪಂಪಿನೊಳಗೆ, ಅಲ್ಲಿಂದ ನೆಲಕ್ಕೆ ಇಳಿಯುತ್ತೆ. ವಾಲ್ವ್ ಹಾಕೋ ಮುಂಚೆ ಬಾಯಿಂದ ಊದಿ ನೋಡಿ, ಒಂದೇ ದಿಕ್ಕಿಗೆ ಗಾಳಿ ಹೋಗಬೇಕು, ಆ ದಿಕ್ಕು ಟ್ಯಾಂಕಿನ ಕಡೆ ಇರಬೇಕು. ಹಾಕಿದ ಮೇಲೆ ಸ್ವಿಚ್ ಆರಿಸಿ ಹತ್ತು ನಿಮಿಷ ಪೈಪು ನೋಡಿ, ನೀರು ವಾಲ್ವ್ ದಾಟಿ ಬಂದರೆ ಬೇರೆಯದು ಹಾಕಿ.

ಪ್ಲೇಟ್ ಬಗ್ಗೆ: ಬೇಡ. ಕಸವೆಲ್ಲ ಪ್ಲೇಟಿನ ಕೆಳಗೆ ಸೇರುತ್ತೆ. ಅದನ್ನು ತೆಗೀಬೇಕು ಅಂದರೆ ಜಲ್ಲಿ ಸಮೇತ ಟ್ಯಾಂಕ್ ಬಿಚ್ಚಬೇಕು.

ಹಸಿರು_ಗಾಜು:

ಕೆರೆ_ಏರಿ ಅವರು ಹೇಳಿದ್ದರಲ್ಲಿ ತಪ್ಪಿಲ್ಲ, ಆದರೆ ಸ್ಪಂಜ್ ಫಿಲ್ಟರಿನ ಮಿತಿಯನ್ನೂ ಹೇಳಬೇಕು. ಅದು ತೇಲಾಡೋ ಸಣ್ಣ ಕಣವನ್ನು ಸರಿಯಾಗಿ ಹಿಡಿಯಲ್ಲ. ನೀರು ಮೀನಿಗೆ ಸುರಕ್ಷಿತವಾಗಿರುತ್ತೆ, ಆದರೆ ಲೈಟ್ ಹಾಕಿದಾಗ ಗಾಜಿನ ಹಾಗೆ ಹೊಳೆಯಲ್ಲ. ಟ್ಯಾಂಕಿನೊಳಗೆ ಎರಡು ಕಪ್ಪು ಸ್ಪಂಜು ಕಾಣ್ತಾನೂ ಇರುತ್ತೆ.

ನೀರಿನ ಹೊಳಪು ಮುಖ್ಯ ಅನ್ನೋದಾದರೆ ಗಂಟೆಗೆ 300 ಲೀಟರ್ ಅಂತ ಬರೆದಿರೋ, ಹರಿವು ತಗ್ಗಿಸೋ ಗುಂಡಿ ಇರೋ ಹ್ಯಾಂಗ್ ಆನ್ ನೋಡಿ. ಮೂರು ವಿಷಯ ಗಮನಿಸಿ. ಮೊದಲನೆಯದು ಹುಡ್, ಅಂದರೆ ಟ್ಯಾಂಕಿನ ಮೇಲ್ಮುಚ್ಚಳ. ಟ್ಯಾಂಕಿನ ಜೊತೆ ಬರೋ ಪ್ಲಾಸ್ಟಿಕ್ ಹುಡ್ ಅಂಚಿಗೆ ಗಟ್ಟಿಯಾಗಿ ಕೂತರೆ ಫಿಲ್ಟರ್ ನೇತು ಹಾಕೋಕೆ ಜಾಗವೇ ಇರಲ್ಲ, ಹಿಂದಿನ ಅಂಚು ಕತ್ತರಿಸಬೇಕಾಗುತ್ತೆ. ಎರಡನೆಯದು ನೀರು ಎಳೆಯೋ ಕೊಳವೆ. ಅದರ ತುದಿಗೆ ಒರಟು ಸ್ಪಂಜಿನ ಹೊದಿಕೆ ಹಾಕಲೇಬೇಕು, ಇಲ್ಲದಿದ್ದರೆ ಗಪ್ಪಿ ಮರಿಗಳು ಒಳಗೆ ಹೋಗ್ತವೆ. ಈ ಸ್ಪಂಜನ್ನು ವಾರಕ್ಕೊಮ್ಮೆ ಹಿಂಡದಿದ್ದರೆ ಪಂಪಿಗೆ ನೀರು ಸಿಗಲ್ಲ. ಮೂರನೆಯದು ನೀರಿನ ಮಟ್ಟ. ಬೇಸಿಗೆಯಲ್ಲಿ ನೀರು ಆವಿಯಾಗಿ ಇಳಿದಿರುವಾಗ ಕರೆಂಟ್ ಹೋಗಿ ಬಂದರೆ ಕೆಲವು ಮಾಡೆಲ್‌ಗಳು ಮತ್ತೆ ನೀರು ಎಳೆಯೋದೇ ಇಲ್ಲ, ಒಣಗಿದ ಇಂಪೆಲ್ಲರ್ (ನೀರು ತಳ್ಳೋ ಚಕ್ರ) ಕಟಕಟ ಅಂತ ತಿರುಗ್ತಾ ಬಿಸಿಯಾಗುತ್ತೆ. ಮೋಟಾರು ನೀರಿನ ಮಟ್ಟದ ಕೆಳಗೆ ಇರೋ ಮಾಡೆಲ್ ತಗೊಂಡರೆ ತಾನಾಗೇ ಶುರುವಾಗುತ್ತೆ.

ಹಗಲು ಮನೆಯಲ್ಲಿ ಯಾರೂ ಇರಲ್ಲ, ಕರೆಂಟ್ ಯಾವಾಗ ಹೋಗುತ್ತೋ ಗೊತ್ತಿಲ್ಲ ಅನ್ನೋ ಮನೆಗೆ ಮಾತ್ರ ನಾನೂ ಸ್ಪಂಜೇ ಹೇಳೋದು.

ಗಪ್ಪಿಗೂಡು:

ಇಬ್ಬರಿಗೂ ಧನ್ಯವಾದ. ಹಗಲು ಮನೆಯಲ್ಲಿ ಯಾರೂ ಇರಲ್ಲ, ಹಾಗಾಗಿ ಸ್ಪಂಜಿನ ಕಡೆಗೇ ಮನಸ್ಸು. ಇನ್ನೆರಡು ಸಂಶಯ. ಫಿಲ್ಟರಿಗೆ ಕಾರ್ಬನ್, ಬಿಳಿ ಕಲ್ಲು ಎಲ್ಲ ಹಾಕಬೇಕು, ತಿಂಗಳಿಗೊಮ್ಮೆ ಸ್ಪಂಜು ಬದಲಿಸಬೇಕು ಅಂತ ಅಂಗಡಿಯವರು ಹೇಳಿದರು. ನಿಜವಾ? ಫಿಲ್ಟರ್ ಹಾಕಿದ ಎಷ್ಟು ದಿನಕ್ಕೆ ಮೀನು ಬಿಡಬಹುದು?

ತಿಳಿನೀರು:

ಸ್ಪಂಜು ಹರಿದು ಪುಡಿಯಾಗೋವರೆಗೂ ಬದಲಿಸಬೇಡಿ. ತಿಂಗಳಿಗೊಮ್ಮೆ ಹೊಸದು ಹಾಕಿದರೆ ಪ್ರತಿ ತಿಂಗಳೂ ಬ್ಯಾಕ್ಟೀರಿಯಾವನ್ನು ಕಸದ ಬುಟ್ಟಿಗೆ ಹಾಕಿದ ಹಾಗೆ, ಅದಾದ ಮೂರು ನಾಲ್ಕು ದಿನಕ್ಕೆ ಮೀನು ಮೇಲೆ ಬಂದು ಬಾಯಿ ಬಿಡೋಕೆ ಶುರು ಮಾಡ್ತವೆ. ಎರಡು ಸ್ಪಂಜು ಇದ್ದರೆ ಎರಡು ವಾರಕ್ಕೊಮ್ಮೆ ಒಂದನ್ನು ಮಾತ್ರ ತೊಳೆಯಿರಿ, ಮುಂದಿನ ಸಲ ಇನ್ನೊಂದು. ತೆಗೆಯೋವಾಗ ಸ್ಪಂಜು ಹಿಂಡಿಕೊಂಡು ಅರ್ಧ ಗಸಿ ಟ್ಯಾಂಕಿಗೇ ಬೀಳುತ್ತೆ, ಅದಕ್ಕೆ ಗಾಳಿ ನಿಲ್ಲಿಸಿ, ನೀರೊಳಗೇ ಒಂದು ಪ್ಲಾಸ್ಟಿಕ್ ಕವರನ್ನು ಸ್ಪಂಜಿನ ಮೇಲಿಂದ ಕೆಳಗಿನವರೆಗೂ ಇಳಿಸಿ, ಬಾಯಿ ಹಿಡಿದು ಎತ್ತಿ. ಟ್ಯಾಂಕಿನಿಂದ ತೆಗೆದ ನೀರನ್ನೇ ಬಕೆಟ್‌ನಲ್ಲಿಟ್ಟುಕೊಂಡು ನಾಲ್ಕೈದು ಸಲ ಹಿಂಡಿದರೆ ಸಾಕು. ಕಂದು ಬಣ್ಣ ಉಳಿದಿರಲಿ, ಹೊಸದರ ಹಾಗೆ ಆಗೋದು ಬೇಡ. ಕ್ಲೋರಿನ್ ಇರೋ ನಲ್ಲಿ ನೀರು, ಸೋಪು, ಬಿಸಿನೀರು ಯಾವುದೂ ತಾಗಬಾರದು.

ಕಾರ್ಬನ್ ದಿನಾ ಬೇಕಾಗಿಲ್ಲ. ಔಷಧಿ ಹಾಕಿದ ಮೇಲೆ ಉಳಿದದ್ದನ್ನು ತೆಗೆಯೋಕೆ, ಮರದ ಕಾಂಡದಿಂದ ನೀರು ಹಳದಿಯಾದಾಗ ಅದರ ಉಪಯೋಗ, ಕೆಲವೇ ವಾರಕ್ಕೆ ಅದರ ಶಕ್ತಿ ಮುಗಿಯುತ್ತೆ. ಔಷಧಿ ಕೊಡ್ತಿರುವಾಗ ಮಾತ್ರ ಒಳಗೆ ಇರಕೂಡದು, ಔಷಧಿಯನ್ನೇ ಹೀರುತ್ತೆ. ಬಿಳಿ ಕಲ್ಲು ಅಂತ ಕೊಡೋದು ಹೆಚ್ಚಾಗಿ ಜಿಯೋಲೈಟ್. ಅದು ಅಮೋನಿಯಾ ಹೀರುತ್ತೆ ನಿಜ, ಆದರೆ ಯಾವತ್ತೋ ಮೀನಿಗೆ ಹುಷಾರಿಲ್ಲ ಅಂತ ಕಲ್ಲುಪ್ಪು ಹಾಕಿದಾಗ ಹೀರಿದ್ದನ್ನೆಲ್ಲ ವಾಪಸ್ ಬಿಡುತ್ತೆ. ಗಪ್ಪಿಗೆ ಉಪ್ಪು ಹಾಕೋ ಅಭ್ಯಾಸ ನಮ್ಮಲ್ಲಿ ತುಂಬಾ ಇರೋದರಿಂದ ಈ ಮಾತು ನೆನಪಿರಲಿ.

ಇನ್ನು ಮೀನು ಬಿಡೋದು. ಹೊಸ ಫಿಲ್ಟರ್ ಹದಕ್ಕೆ ಬರೋಕೆ, ಅಂದರೆ ಅದರಲ್ಲಿ ಸಾಕಷ್ಟು ಬ್ಯಾಕ್ಟೀರಿಯಾ ಬೆಳೆಯೋಕೆ, 4–6 ವಾರ. ನಿಮ್ಮ ನೀರಿಗೆ ಇದು ಇನ್ನೂ ಮುಖ್ಯ. ಪಿಎಚ್ 7 ಇದ್ದಾಗ 28 ಡಿಗ್ರಿಯಲ್ಲಿ ಒಟ್ಟು ಅಮೋನಿಯಾದ ನೂರಕ್ಕೆ 1 ಪಾಲಿಗಿಂತಲೂ ಕಡಿಮೆ ವಿಷದ ರೂಪದಲ್ಲಿರುತ್ತೆ. ಪಿಎಚ್ 8.2 ಆದರೆ ಅದೇ ನೂರಕ್ಕೆ 10ರ ಹತ್ತಿರ ಹೋಗುತ್ತೆ. ಗಡಸು ನೀರು ಗಪ್ಪಿಗೆ ಒಗ್ಗುತ್ತೆ, ಆ ಚಿಂತೆ ಬೇಡ. ಹದವಾಗದ ಫಿಲ್ಟರ್ ಜೊತೆ ಸೇರಿದಾಗ ಮಾತ್ರ ಈ ಪಿಎಚ್ ಕಾಡೋದು.

ಸುಲಭದ ದಾರಿ ಅಂದರೆ ಆರೋಗ್ಯವಾದ ಹಳೇ ಟ್ಯಾಂಕ್ ಇರೋ ಪರಿಚಯದವರ ಹತ್ತಿರ ಅವರ ಫಿಲ್ಟರಿನ ಜೊತೆ ನಿಮ್ಮ ಸ್ಪಂಜನ್ನೂ ಮೂರು ನಾಲ್ಕು ವಾರ ಓಡಿಸಿ, ಒದ್ದೆಯಾಗಿರುವಾಗಲೇ ತಂದು ಹಾಕೋದು. ಅದು ಆಗದಿದ್ದರೆ ಖಾಲಿ ಟ್ಯಾಂಕಿಗೆ ದಿನಾ ಒಂದು ಚಿಟಿಕೆ ಮೀನಿನ ಆಹಾರ ಹಾಕಿ ಕೊಳೆಯೋಕೆ ಬಿಡಿ. ಹನಿ ಹಾಕಿ ನೋಡೋ ಲಿಕ್ವಿಡ್ ಕಿಟ್‌ನಲ್ಲಿ ಮೊದಲು ಅಮೋನಿಯಾ ಏರುತ್ತೆ, ಅದು ಇಳಿಯುವಾಗ ನೈಟ್ರೈಟ್ ಏರುತ್ತೆ. ಆಹಾರ ಹಾಕ್ತಾ ಇದ್ದರೂ ಎರಡೂ ಸೊನ್ನೆಯಲ್ಲೇ ನಿಂತು ನೈಟ್ರೇಟ್ ಮಾತ್ರ ಕಾಣಿಸಿದಾಗ ಅರ್ಧ ನೀರು ಬದಲಿಸಿ ಮೂರು ಗಪ್ಪಿ ಬಿಡಿ. ವಾರ ಬಿಟ್ಟು ಮತ್ತೆ ಪರೀಕ್ಷೆ ಮಾಡಿ, ಆಮೇಲೆ ಮುಂದಿನ ಮೂರು.

ಕೆರೆ_ಏರಿ:

ಸದ್ದಿನ ವಿಷಯ ಉಳಿದಿತ್ತು. ಏರ್ ಪಂಪಿನ ಗುಂಯ್ ಸದ್ದು ಬಹುಪಾಲು ಅದು ಕೂತಿರೋ ಮರದ ಹಲಗೆಯಿಂದ ಬರೋದು. ದಪ್ಪ ಫೋಮ್ ತುಂಡಿನ ಮೇಲೆ, ಗೋಡೆಗೂ ಸ್ಟ್ಯಾಂಡಿಗೂ ತಾಗದ ಹಾಗೆ ಇಡಿ. ಬಟ್ಟೆ ಸುತ್ತಿ ಮುಚ್ಚಬೇಡಿ, ಬಿಸಿಯಾಗಿ ಒಳಗಿನ ರಬ್ಬರ್ ಡಯಾಫ್ರಂ ಬೇಗ ಹೋಗುತ್ತೆ. ಗುಳ್ಳೆ ಕಡಿಮೆಯಾದರೆ ಮೊದಲು ಪೈಪನ್ನು ಪಂಪಿನ ಹತ್ತಿರ ಬಿಚ್ಚಿ ಬೆರಳಿಟ್ಟು ನೋಡಿ. ಗಾಳಿ ಜೋರಾಗಿದ್ದರೆ ಕಟ್ಟಿಕೊಂಡಿರೋದು ಏರ್ ಸ್ಟೋನ್, ಇಲ್ಲದಿದ್ದರೆ ಡಯಾಫ್ರಂ ಹರಿದಿದೆ. ಅದು ಬಿಡಿಭಾಗವಾಗಿ ಸಿಗುತ್ತೆ, ಪಂಪು ಎಸೆಯಬೇಕಾಗಿಲ್ಲ.

ಮೂರು ಗಂಟೆ ಕರೆಂಟ್ ಇಲ್ಲದಿದ್ದರೂ ಹತ್ತು ಗಪ್ಪಿಗೆ ತೊಂದರೆಯಿಲ್ಲ. ಆ ಹೊತ್ತಲ್ಲಿ ಊಟ ಹಾಕಬೇಡಿ ಅಷ್ಟೆ. ಏಪ್ರಿಲ್–ಮೇನಲ್ಲಿ ಮಾತ್ರ ಹುಷಾರು: 25 ಡಿಗ್ರಿಯಲ್ಲಿ ಲೀಟರಿಗೆ 8 ಮಿಲಿಗ್ರಾಂ ಮೇಲೆ ಆಕ್ಸಿಜನ್ ಹಿಡಿಯೋ ನೀರು 30 ಡಿಗ್ರಿಯಲ್ಲಿ ಏಳೂವರೆಗೆ ಇಳಿಯುತ್ತೆ, ಮೀನಿಗೆ ಬೇಕಾಗೋದು ಮಾತ್ರ ಜಾಸ್ತಿಯಾಗುತ್ತೆ. ಆಗ ಪಂಪಿನ ಪ್ಲಗ್ಗನ್ನು ಯುಪಿಎಸ್ ಲೈನಿಗೆ ಕೊಡಿ, 5 ವ್ಯಾಟ್ ಅದಕ್ಕೆ ಲೆಕ್ಕವೇ ಅಲ್ಲ. ಸ್ಕ್ವೇರ್ ವೇವ್ ಇನ್ವರ್ಟರ್ ಆದರೆ ಪಂಪಿನ ಸದ್ದು ಹೆಚ್ಚಾಗುತ್ತೆ, ಸೈನ್ ವೇವ್ ಆದರೆ ಆ ತೊಂದರೆ ಇಲ್ಲ. ಯುಪಿಎಸ್ ಇಲ್ಲದವರು ಯುಎಸ್‌ಬಿ ಏರ್ ಪಂಪು, ಪವರ್ ಬ್ಯಾಂಕ್ ಇಟ್ಟುಕೊಳ್ಳಿ. ಕೆಲವು ಪವರ್ ಬ್ಯಾಂಕ್‌ಗಳು ಇಷ್ಟು ಕಡಿಮೆ ಕರೆಂಟಿಗೆ ತಾವಾಗೇ ಆಫ್ ಆಗ್ತವೆ, ಕೊಂಡ ದಿನವೇ ಒಂದು ಗಂಟೆ ಓಡಿಸಿ ನೋಡಿ.

ಹಸಿರು_ಗಾಜು:

ವೈರಿನ ಬಗ್ಗೆ ಯಾರೂ ಹೇಳಲಿಲ್ಲ. ಪ್ಲಗ್ಗಿಗೆ ಹೋಗೋ ವೈರು ಸಾಕೆಟ್ಟಿಗಿಂತ ಕೆಳಗೆ ಒಂದು ಇಳಿಜೋಲು ಬಿದ್ದು ಮೇಲೆ ಹೋಗಲಿ, ವೈರು ಹಿಡಿದು ಇಳಿಯೋ ನೀರು ಅಲ್ಲೇ ತೊಟ್ಟಿಕ್ಕುತ್ತೆ, ಸಾಕೆಟ್ ಸೇರಲ್ಲ. ಎಕ್ಸ್‌ಟೆನ್ಷನ್ ಬೋರ್ಡನ್ನು ಟ್ಯಾಂಕಿನ ಕೆಳಗೆ ನೆಲದ ಮೇಲೆ ಇಡಬೇಡಿ. ಮನೆಗೆ ಆರ್‌ಸಿಸಿಬಿ (ಕರೆಂಟ್ ಸೋರಿದ ತಕ್ಷಣ ಲೈನ್ ಕಡಿಯೋ ಸ್ವಿಚ್) ಇದ್ದರೆ ಒಳ್ಳೆಯದು. ಲೈಟು, ಹೀಟರು, ಮುಳುಗೋ ಪಂಪು ಏನೇ ಇದ್ದರೂ ಸ್ವಿಚ್ ಆರಿಸಿ ಪ್ಲಗ್ ಕಿತ್ತ ಮೇಲೆಯೇ ನೀರಿಗೆ ಕೈ.

ಬೋರ್ ನೀರಿನ ಸುಣ್ಣ ಏರ್ ಸ್ಟೋನಿನ ಸಣ್ಣ ತೂತುಗಳನ್ನೂ ಮುಚ್ಚುತ್ತೆ. ಒಂದು ಪಾಲು ಬಿಳಿ ವಿನೆಗರ್, ಒಂದು ಪಾಲು ನೀರಿನಲ್ಲಿ ರಾತ್ರಿ ನೆನೆಹಾಕಿ, ಚೆನ್ನಾಗಿ ತೊಳೆದು ಹಾಕಿ. ಸ್ಪಂಜನ್ನು ಮಾತ್ರ ವಿನೆಗರ್‌ಗೆ ಹಾಕಬೇಡಿ.