ಸಹಾಯ ಬೇಕು: ನಾವು ರೆಫರ್ ಮಾಡಿ ಕಳಿಸಿದವರು ಆಸ್ಪತ್ರೆ ತಲುಪಿದ್ದಾರಾ ಅಂತ ಖಚಿತ ಮಾಡ್ಕೊಳ್ಳೋದು ಹೇಗೆ?

ಎಲ್ಲರಿಗೂ ನಮಸ್ಕಾರ. ಮನೆ ಭೇಟಿ ಮಾಡಿ ಗರ್ಭಿಣಿ, ಬಾಣಂತಿ, ಮಕ್ಕಳನ್ನ ಆಸ್ಪತ್ರೆಗೆ ರೆಫರ್ ಮಾಡೋ ತಂಡ ನಮ್ಮದು. ಗುರುತಿಸೋದರಲ್ಲಿ ತೊಂದರೆ ಇಲ್ಲ. ಗರ್ಭಿಣಿಯ ಬಿಪಿ 140/90 ಮುಟ್ಟಿದ್ರೆ ಅವತ್ತೇ ಕಳಿಸ್ತೀವಿ; 160/110 ಆಗಿದ್ರೆ, ಅಥವಾ ಬಿಪಿ ಜೊತೆ ಜೋರು ತಲೆನೋವು, ಕಣ್ಣು ಮಂಜು ಇದ್ರೆ ರೆಫರಲ್ ಚೀಟಿಗೂ ಕಾಯದೆ ಗಾಡಿ ಹತ್ತಿಸ್ತೀವಿ. 6 ತಿಂಗಳಿಂದ 5 ವರ್ಷದೊಳಗಿನ ಮಗುವಿನ ತೋಳಿನ ಸುತ್ತಳತೆ 11.5 ಸೆಂ.ಮೀ.ಗಿಂತ ಕಡಿಮೆ ಬಂದ್ರೆ, ಅಂದ್ರೆ ಅಳತೆ ಪಟ್ಟಿಯಲ್ಲಿ ಕೆಂಪು (ತೀವ್ರ ಅಪೌಷ್ಟಿಕತೆ), ನೇರ ರೆಫರ್.

ಸಿಕ್ಕಿಕೊಂಡಿರೋದು ಆಮೇಲೆ. ಚೀಟಿಗೆ ಮೂರು ಪ್ರತಿ: ಒಂದು ನಮ್ಮಲ್ಲಿ, ಒಂದು ಆಸ್ಪತ್ರೆಗೆ, ಮೂರನೇದನ್ನ ಡಾಕ್ಟರ್ ತುಂಬಿ ತಾಯಿ ಕೈಲಿ ವಾಪಸ್ ಕಳಿಸಬೇಕು. ಆ ಮೂರನೇದು ಬರೋದೇ ಅಪರೂಪ. ನೋಂದಣಿ ಕೌಂಟರ್‌ನಲ್ಲೇ ಎರಡನ್ನೂ ಸೇರಿಸಿ ಪಿನ್ ಹೊಡೆದು ಫೈಲಿಗೆ ಹಾಕ್ತಾರೆ. ಮೂರನೇ ಪ್ರತಿಗೆ ಬೇರೆ ಬಣ್ಣದ ಕಾಗದ ಹಾಕಿದ್ರೂ ಅದೇ ಕಥೆ. 48 ಗಂಟೆಯೊಳಗೆ ಫೋನ್ ಮಾಡಿದ್ರೆ ನಂಬರ್ ಗಂಡನದ್ದು. 'ಹೋಗಿ ಬಂದ್ಲು' ಅಂತಾರೆ, ಯಾರು ನೋಡಿದ್ರು, ಏನು ಮಾತ್ರೆ ಕೊಟ್ರು ಗೊತ್ತಿರಲ್ಲ. ಆಸ್ಪತ್ರೆ ರಿಜಿಸ್ಟರ್ ತಾಳೆ ನೋಡೋಣ ಅಂದ್ರೆ ಹೆಸರು ಬೇರೆ ಥರ ಬರೆದಿರುತ್ತೆ, ನಮ್ಮ ಚೀಟಿ ನಂಬರಿಗೆ ಕಾಲಮ್ಮೇ ಇಲ್ಲ.

ಮನೆಯವರ ಮಾತಿನ ಮೇಲೆ 'ತಲುಪಿದ್ದಾರೆ' ಅಂತ ಬರೆದ್ರೆ ಹೆಸರು ಫಾಲೋ-ಅಪ್ ಪಟ್ಟಿಯಿಂದ ಹೋಗುತ್ತೆ. ಬರೆಯದಿದ್ರೆ ನಿಜವಾಗಿ ಚಿಕಿತ್ಸೆ ಪಡೆದವರ ಮನೆಗೇ ಮತ್ತೆ ಮತ್ತೆ ಹೋಗಬೇಕು, ಹೋಗದೇ ಉಳಿದವರಿಗೆ ಟೈಮ್ ಸಿಗಲ್ಲ.

ಚೀಟಿ ವಾಪಸ್ ಬರದಿದ್ದಾಗ ನೀವು ಯಾವ ಪುರಾವೆ ನೋಡಿ ರೆಫರಲ್ ಮುಗೀತು ಅಂತ ಬರೀತೀರಿ? ತಾಯಿ ಕಾರ್ಡಿನಲ್ಲಿ ಆಸ್ಪತ್ರೆಯ ಎಂಟ್ರಿ ಇದ್ರೆ ಸಾಕಾ, ಅಥವಾ ಆಸ್ಪತ್ರೆಯಲ್ಲಿ ಒಬ್ಬರನ್ನ ಗೊತ್ತುಮಾಡಿ ವಾರಕ್ಕೊಮ್ಮೆ ಪಟ್ಟಿ ತಾಳೆ ನೋಡೋದು ನಡೆಯುತ್ತಾ?